ಬೆಳ್ಳಿ ಪುಡಿಯೂ ಚರಂಡಿಗೆ ಹೋಗಬಾರದು: ಕೈಕೆಲಸದ ಒಡವೆ ವ್ಯಾಪಾರಕ್ಕೆ ಸಮಗ್ರ ಮಾರ್ಗದರ್ಶಿ

ಮನೆಯಲ್ಲೇ ಒಡವೆ ಮಾಡಿ ಮಾರಬೇಕು, ಅದೂ ಪರಿಸರಕ್ಕೆ ಹೊರೆಯಾಗದ ಹಾಗೆ ಎನ್ನುವವರು ಕಲಬುರಗಿ, ಬೀದರ್, ಯಾದಗಿರಿ ಕಡೆ ಈಗ ಜಾಸ್ತಿ ಸಿಗುತ್ತಾರೆ. ಅವರಲ್ಲಿ ಬಹಳ ಮಂದಿ ಮೊದಲು ಕೇಳುವುದು ಡಬ್ಬಿಯ ಬಗ್ಗೆ. ಕಾಗದದ ಡಬ್ಬಿ ಎಲ್ಲಿ ಸಿಗುತ್ತದೆ, ಸೆಣಬಿನ ಚೀಲ ಎಲ್ಲಿ ಸಿಗುತ್ತದೆ ಅಂತ. ಡಬ್ಬಿ ಕೊನೆಯ ಮಾತು. ಒಡವೆ ಕೆಲಸದಲ್ಲಿ ಹೊರೆ ಬೀಳುವುದು ಮುಖ್ಯವಾಗಿ ಎರಡು ಕಡೆ: ಲೋಹ ಎಲ್ಲಿಂದ ಬಂತು, ತೊಳೆದ ನೀರು ಎಲ್ಲಿಗೆ ಹೋಯಿತು. ಈ ಎರಡನ್ನು ಹಿಡಿದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಂತೆ. ಜೊತೆಗೆ ರೊಕ್ಕವೂ ಉಳಿಯುತ್ತದೆ.

ಹಂತ 1: ಒಂದೋ ಎರಡೋ ಸಾಮಾನು ಆರಿಸಿಕೊಳ್ಳಿ

ಬೆಳ್ಳಿ, ಬಿದರಿ, ಮಣ್ಣು, ದಾರ, ಬಟ್ಟೆ, ಮಣಿ ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದರೆ ಯಾವುದರಲ್ಲೂ ಕೈ ಪಳಗುವುದಿಲ್ಲ. ಕೆಟ್ಟುಹೋದ ಮಾಲು ಮಾತ್ರ ರಾಶಿ ಬೀಳುತ್ತದೆ. ಕಸ ಕಡಿಮೆ ಮಾಡುವ ಮೊದಲ ದಾರಿ ಕಡಿಮೆ ಬಗೆಯ ಸಾಮಾನು ಇಟ್ಟುಕೊಳ್ಳುವುದು.

ಬಟ್ಟೆ ಮತ್ತು ದಾರದ ಒಡವೆ ಎಲ್ಲಕ್ಕಿಂತ ಸುಲಭ. ನಿಮ್ಮ ಓಣಿಯ ಟೇಲರ್ ಹತ್ತಿರ ಕೇಳಿ ನೋಡಿ. ಕುಪ್ಪಸ ಹೊಲಿದು ಉಳಿದ ಇಳಕಲ್, ಖಣದ ಚೂರುಗಳು ಚೀಲಗಟ್ಟಲೆ ಇರುತ್ತವೆ. ಬಂಡವಾಳ ಅಂದರೆ ಕತ್ತರಿ, ಸೂಜಿ, ಹತ್ತಿ ದಾರ, ಒಂದಷ್ಟು ಹಿತ್ತಾಳೆ ಕೊಂಡಿ. ಲಂಬಾಣಿ ತಾಂಡಾಗಳ ಹೆಣ್ಣುಮಕ್ಕಳಿಗೆ ಕನ್ನಡಿ, ಕವಡೆ, ನಾಣ್ಯ ಕೂಡಿಸುವ ಕೈಚಳಕ ಅಜ್ಜಿಯರಿಂದ ಬಂದಿದೆ. ಅವರ ಜೊತೆ ಕೆಲಸ ಮಾಡುವುದಾದರೆ ಕೂಲಿ ಲೆಕ್ಕ ಹಿಡಿಯಬೇಡಿ, ತುಂಡಿಗೆ ಇಷ್ಟು ಎಂದು ಮೊದಲೇ ಮಾತಾಡಿ, ಮಾಲು ಬಂದ ದಿನವೇ ರೊಕ್ಕ ಕೊಡಿ. ಅವರ ನಮೂನೆ ಎತ್ತಿಕೊಂಡು ಬೇರೆ ಕಡೆ ಅಗ್ಗಕ್ಕೆ ಮಾಡಿಸುವುದು ನನ್ನ ಲೆಕ್ಕದಲ್ಲಿ ಕಳ್ಳತನವೇ.

ಮಣ್ಣಿನ ಒಡವೆ ಸುಂದರ, ಆದರೆ ನಮ್ಮ ಕರಿ ಎರೆಮಣ್ಣು ಅದಕ್ಕೆ ಹೊಂದುವುದಿಲ್ಲ. ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಮಡಕೆ ಮಾಡುವ ಕುಂಬಾರರು ಹದ ಮಾಡಿದ ಮಣ್ಣನ್ನೇ ಕೇಳಿ ಕೊಂಡುಕೊಳ್ಳಿ. ಮಣಿಗಳನ್ನು ನೆರಳಲ್ಲೇ ಒಣಗಿಸಿ. ಏಪ್ರಿಲ್-ಮೇ ತಿಂಗಳಲ್ಲಿ ನೆರಳೂ ಸಾಲದು, ಮೇಲೆ ಒದ್ದೆ ಬಟ್ಟೆ ಹೊದಿಸಿ ನಿಧಾನಕ್ಕೆ ಒಣಗಬೇಕು. ಒಳಗೆ ಹಸಿ ಉಳಿದ ಮಣಿ ಬೆಂಕಿಗೆ ಹೋದರೆ ಆವಿ ಕಟ್ಟಿ ಟಪ್ ಎಂದು ಒಡೆಯುತ್ತದೆ, ಪಕ್ಕದ ನಾಲ್ಕನ್ನೂ ಕೆಡಿಸುತ್ತದೆ. ಸ್ವಂತ ಭಟ್ಟಿ ಕಟ್ಟಬೇಡಿ. ಕುಂಬಾರರು ಮಡಕೆ ಸುಡುವ ಆವಿಗೆ ಹೇಗೂ ಹೊತ್ತುತ್ತದೆ, ಮಡಕೆಗಳ ನಡುವಿನ ಜಾಗದಲ್ಲಿ ನಿಮ್ಮ ಮಣಿ ತುಂಬಿದ ಕುಡಿಕೆ ಇಡಿಸಿ. ಕಟ್ಟಿಗೆ, ಕುಳ್ಳು ಬೇರೆ ಸುಡುವುದು ಬೇಡ. ಸುಟ್ಟ ಮೇಲೆ ಅಕ್ರಿಲಿಕ್ ಬಣ್ಣ ಬಳಿದರೆ ಮಣ್ಣಿನ ಮೇಲೆ ಪ್ಲಾಸ್ಟಿಕ್ ಪದರ ಹೊದಿಸಿದ ಹಾಗೆ. ಕೆಮ್ಮಣ್ಣಿನ ತಿಳಿಯನ್ನು ಸುಡುವ ಮೊದಲೇ ಬಳಿಯಿರಿ, ಆ ಬಣ್ಣ ಉದುರುವುದಿಲ್ಲ.

ಇನ್ನು ಹೂವಿನ ಎಸಳು ಹಾಕಿದ ರೆಸಿನ್ ಒಡವೆ. ನೋಡಲು ಹಳ್ಳಿ, ತೋಟ, ನಿಸರ್ಗ ಎಲ್ಲ ನೆನಪಾಗುತ್ತದೆ. ಆದರೆ ಎಪಾಕ್ಸಿ ರೆಸಿನ್ ಅಪ್ಪಟ ಪ್ಲಾಸ್ಟಿಕ್, ಒಮ್ಮೆ ಗಟ್ಟಿಯಾದರೆ ಕರಗಿಸಿ ಮತ್ತೆ ಬಳಸಲು ಬರುವುದಿಲ್ಲ. ಪಾಲಿಮರ್ ಕ್ಲೇ ಎನ್ನುವುದೂ ಪಿವಿಸಿಯೇ, ಹೆಸರಲ್ಲಿ ಮಾತ್ರ ಮಣ್ಣು. ಮಾಡಬೇಡಿ ಎಂದು ಹೇಳುವುದಿಲ್ಲ. ಮಾಡಿ ಅದಕ್ಕೆ ಪರಿಸರಸ್ನೇಹಿ ಎಂಬ ಚೀಟಿ ಅಂಟಿಸಬೇಡಿ, ಅಷ್ಟೇ.

ಗುಲಗಂಜಿ ಬಗ್ಗೆ ಒಂದು ಎಚ್ಚರಿಕೆ. ಕೆಂಪು-ಕಪ್ಪಿನ ಆ ಬೀಜ ಸರಕ್ಕೆ ಚೆಂದ ಕಾಣುತ್ತದೆ, ಆದರೆ ಒಳಗಿರುವುದು ಅಬ್ರಿನ್ ಎಂಬ ಕಡು ವಿಷ. ತೂತು ಕೊರೆದರೆ ಪುಡಿ ಮೂಗಿಗೆ, ಕಣ್ಣಿಗೆ ಹೋಗುತ್ತದೆ. ಮಕ್ಕಳು ಕಚ್ಚಿ ನುಂಗಿದರೆ ಜೀವಕ್ಕೇ ಅಪಾಯ. ನಿಸರ್ಗದಿಂದ ಬಂದದ್ದೆಲ್ಲ ಒಳ್ಳೆಯದು ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ಹುಲಿ ಉಗುರು, ದಂತ ಯಾರು ತಂದರೂ ಮುಟ್ಟಬೇಡಿ. 2023ರಲ್ಲಿ ಹುಲಿ ಉಗುರಿನ ಲಾಕೆಟ್ ಹಾಕಿಕೊಂಡವರ ಮನೆ ಬಾಗಿಲಿಗೆ ಅರಣ್ಯ ಇಲಾಖೆ ಬಂದದ್ದು ಎಲ್ಲರಿಗೂ ಗೊತ್ತು.

ಹಂತ 2: ಲೋಹ ಹಳೆಯದಿರಲಿ

ಬೆಳ್ಳಿಗೆ ಹಳತು, ಹೊಸತು ಎಂಬ ಭೇದವಿಲ್ಲ. ಅಜ್ಜಿಯ ಕಾಲ್ಗಡಗ ಕರಗಿಸಿ ಶುದ್ಧ ಮಾಡಿದರೆ ಗಣಿಯಿಂದ ಬಂದ ಬೆಳ್ಳಿಯಷ್ಟೇ ಒಳ್ಳೆಯ ಬೆಳ್ಳಿ. ಗಣಿ ಏನು ಮಾಡುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಯಾದಗಿರಿ ಜಿಲ್ಲೆ ಸುರಪುರ ತಾಲೂಕಿನ ಕಿರದಳ್ಳಿ ತಾಂಡಾ ಹಳೆಯ ಚಿನ್ನದ ಗಣಿ ಪ್ರದೇಶದಲ್ಲಿದೆ. ಅಲ್ಲಿನ ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಇರುವುದನ್ನು, ಅದರಿಂದ ಜನರ ಚರ್ಮಕ್ಕೆ ಆದ ತೊಂದರೆಯನ್ನು ಸಂಶೋಧಕರು ದಾಖಲಿಸಿದ್ದಾರೆ. ಹೊಸ ಲೋಹ ಎಷ್ಟು ಕಡಿಮೆ ಕೊಂಡರೆ ಅಷ್ಟು ಒಳ್ಳೆಯದು ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಕಾರಣ ಬೇಕಿಲ್ಲ.

ಹಳೆ ಬೆಳ್ಳಿ ಕೊಳ್ಳುವಾಗ ನಂಬಿಕೆಯ ಸರಾಫರ ಹತ್ತಿರವೇ ಹೋಗಿ. ಒರೆಗಲ್ಲಿನ ಮೇಲೆ ನಿಮ್ಮ ಕಣ್ಣೆದುರೇ ತಿಕ್ಕಿಸಿ ನೋಡಿ. ಆಗುವುದಾದರೆ ಯಂತ್ರದಲ್ಲಿ ಶುದ್ಧತೆ ನೋಡಿಸಿ ಚೀಟಿ ತೆಗೆದುಕೊಳ್ಳಿ. 925 ಎಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ. ಹಳ್ಳಿಯ ಹಳೆ ಒಡವೆಗಳಲ್ಲಿ ಬೆರಕೆ ಜಾಸ್ತಿ ಇರಬಹುದು, ಆದ್ದರಿಂದ ಶುದ್ಧ ಮಾಡಿಸದೆ ನೇರ ಬಳಸಬೇಡಿ. ಹಾಗೆಯೇ ಚಂದದ ಹಳೆ ನಮೂನೆ ಕೈಗೆ ಬಂದರೆ ಕರಗಿಸುವ ಮೊದಲು ಎರಡು ಸಲ ಯೋಚಿಸಿ. ರಿಪೇರಿ ಮಾಡಿ ಮಾರಿದರೆ ಬೆಲೆಯೂ ಜಾಸ್ತಿ, ಉರುವಲೂ ಉಳಿತಾಯ.

ಬೆಸುಗೆ ಕೊಳ್ಳುವಾಗ ಕ್ಯಾಡ್ಮಿಯಂ ಇಲ್ಲದ್ದೇ ಬೇಕು ಎಂದು ಬಾಯಿ ಬಿಟ್ಟು ಕೇಳಿ. ಒಂದು ಕಾಲದಲ್ಲಿ ಕೆಡಿಎಂ ಬಂಗಾರ ಎಂದು ಹೆಮ್ಮೆಯಿಂದ ಮಾರುತ್ತಿದ್ದರಲ್ಲ, ಅದರ ಬೆಸುಗೆಯಲ್ಲಿ ಇದ್ದದ್ದೇ ಕ್ಯಾಡ್ಮಿಯಂ. ಅದರ ಹೊಗೆ ಪುಪ್ಪುಸ, ಮೂತ್ರಪಿಂಡ ಎರಡನ್ನೂ ಕೆಡಿಸುತ್ತದೆ. ಕಿವಿಯ ಕೊಂಡಿ, ಮೂಗುತಿ ಕಡ್ಡಿಗೆ ನಿಕಲ್ ಬೆರೆತ ಲೋಹ ಬೇಡ. ಬಹಳ ಮಂದಿಗೆ ಅದರಿಂದ ಕಿವಿ ಕೆಂಪಾಗಿ ತುರಿಸುತ್ತದೆ. ಒಮ್ಮೆ ಹಾಗಾದ ಗಿರಾಕಿ ಮತ್ತೆ ಬರುವುದಿಲ್ಲ, ಆ ಜೋಡಿ ಕಸಕ್ಕೆ ಹೋಗುತ್ತದೆ.

ಬಂಗಾರದ ನೀರು ಕೊಡಿಸುವ ಆಸೆ ಇದ್ದರೆ ಮನೆಯಲ್ಲಂತೂ ಬೇಡ. ಅದಕ್ಕೆ ಒಡವೆ ಅದ್ದುವ ತೊಟ್ಟಿಗಳಲ್ಲಿ ಸಾಮಾನ್ಯವಾಗಿ ಸಯನೈಡ್ ಲವಣ, ಅಂದರೆ ಕಡು ವಿಷ, ಇರುತ್ತದೆ.

ಹಂತ 3: ಬಿದರಿ ಬೇಕಿದ್ದರೆ

ಬೀದರ್ ಜಿಲ್ಲೆಯವರಾಗಿ ಬಿದರಿಯ ಆಸೆ ಬರದಿದ್ದರೆ ಹೇಗೆ! ಕರಿ ಮೈಮೇಲೆ ಬೆಳ್ಳಿ ಬಳ್ಳಿ ಹಬ್ಬಿದ ಪದಕ, ಝುಮಕಿ ಈಗ ಹೂದಾನಿ, ಹುಕ್ಕಾಗಳಿಗಿಂತ ಬೇಗ ಮಾರಾಟ ಆಗುತ್ತವೆ. ಆದರೆ ಮೊದಲ ದಿನವೇ ಎರಕ ಹೊಯ್ಯಲು ಹೋಗಬೇಡಿ.

ಕೆಲಸ ಹೀಗೆ ನಡೆಯುತ್ತದೆ. ಸತು ಮತ್ತು ತಾಮ್ರ ಸೇರಿಸಿ ಮಣ್ಣಿನ ಅಚ್ಚಿಗೆ ಎರಕ ಹೊಯ್ಯುತ್ತಾರೆ. ಸತುವೇ ಬಹುಪಾಲು, 16ಕ್ಕೆ 1ರಂತೆ ತಾಮ್ರ ಎಂಬುದು ರೂಢಿಯ ಲೆಕ್ಕ. ಅರದಿಂದ ತಿಕ್ಕಿ ನುಣುಪು ಮಾಡಿ, ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರು ಸವರಿದರೆ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಚೂಪು ಮೊನೆಯಿಂದ ಕೈಯಲ್ಲೇ ಹೂಬಳ್ಳಿ ಗೀಚಿ, ಉಳಿಯಿಂದ ಕೊರೆದು, ಬೆಳ್ಳಿ ತಂತಿಯನ್ನು ಸುತ್ತಿಗೆಯಿಂದ ತಟ್ಟಿ ಕೂಡಿಸುತ್ತಾರೆ. ತಂತಿ ಕೆಲಸಕ್ಕೆ ತಾರ್‌ಕಶಿ ಎನ್ನುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ (ಅಮೋನಿಯಂ ಕ್ಲೋರೈಡ್) ಕೂಡಿಸಿದ ಬಿಸಿ ದ್ರಾವಣ. ಸತುವಿನ ಮೈ ಕಾಡಿಗೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಮೇಲೆ ಎಣ್ಣೆ ಸವರಿದರೆ ಮುಗಿಯಿತು. ಮಳೆ-ಬಿಸಿಲು ತಾಗದೆ ಕೋಟೆಯೊಳಗೆ ಉಳಿದ ಹಳೆ ಮಣ್ಣೇ ಬೇಕು ಎನ್ನುವುದರಿಂದ ಅದನ್ನು ಮಿತವಾಗಿ ಬಳಸುವುದೂ ಈ ಕಸುಬಿನ ಪರಿಸರದ ಮಾತೇ. ಈ ಕಸುಬಿಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. 2023ರಲ್ಲಿ ಬೀದರ್‌ನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು.

ಸತು ಸುಮಾರು 420 ಡಿಗ್ರಿಗೇ ಕರಗುತ್ತದೆ. ಸುಲಭ ಅನಿಸುತ್ತದೆ, ತೊಂದರೆ ಇರುವುದೇ ಅಲ್ಲಿ. ಉರಿ ಜಾಸ್ತಿಯಾದರೆ ಬಿಳಿ ಹೊಗೆ ಏಳುತ್ತದೆ. ಅದನ್ನು ಕುಡಿದವರಿಗೆ ಆಗ ಏನೂ ಅನಿಸುವುದಿಲ್ಲ, ಕೆಲವು ಗಂಟೆ ಕಳೆದ ಮೇಲೆ ಚಳಿಜ್ವರ, ಮೈಕೈ ನೋವು ಬರುತ್ತದೆ. ಹಾಗಾಗಿ ಎರಕ, ಕೆತ್ತನೆ ಕಸುಬುದಾರರಿಗೇ ಬಿಡಿ. ನೀವು ನಮೂನೆ ಕೊಡಿ, ಮುಂಗಡ ಕೊಡಿ, ಕೊಂಡಿ ಕೂಡಿಸುವುದು, ಸರ ಪೋಣಿಸುವುದು, ಮಾರುವುದು ನಿಮ್ಮ ಕೆಲಸ.

ಬಿದರಿ ಒಡವೆಗೆ ಎರಡು ಗುಟ್ಟು. ಈ ಲೋಹ ಬಾಗುವುದಿಲ್ಲ, ಕಲ್ಲಿನ ನೆಲಕ್ಕೆ ಬಿದ್ದರೆ ಮುರಿಯುತ್ತದೆ. ಹಾಗಾಗಿ ತೀರ ತೆಳು ನಮೂನೆ ಬೇಡ. ಕಿವಿಯೊಳಗೆ ಹೋಗುವ ಕಡ್ಡಿ ಬೆಳ್ಳಿಯದೇ ಇರಲಿ. ಬೆವರಿಗೆ ಕಪ್ಪು ಮಾಸಿದರೆ ಹುಣಸೆಹಣ್ಣು, ಪಾತ್ರೆ ಸಾಬೂನು ಹಾಕಿ ತಿಕ್ಕಬಾರದು, ಒಂದು ಹನಿ ಕೊಬ್ಬರಿ ಎಣ್ಣೆ ಸಾಕು. ಇಷ್ಟನ್ನು ಚೀಟಿಯಲ್ಲಿ ಬರೆದು ಕೊಡಿ.

ಹಂತ 4: ಪುಡಿ ಹಿಡಿಯುವ ವ್ಯವಸ್ಥೆ

ನಮ್ಮ ಕಡೆ ಹಳೆ ಕಾಲದಿಂದ ಜಾಲಗಾರರು ಇದ್ದಾರೆ. ಪತ್ತಾರರ, ಅಂದರೆ ಅಕ್ಕಸಾಲಿಗರ, ಅಂಗಡಿ ಮುಂದಿನ ಧೂಳು, ಚರಂಡಿಯ ಕೆಸರು ಬಳಿದು ತೊಳೆದು ಅದರಲ್ಲಿ ಬೆಳ್ಳಿ, ಬಂಗಾರ ಹುಡುಕುವವರು. ಅವರ ಹೊಟ್ಟೆ ತುಂಬುತ್ತಿತ್ತು ಎಂದರೆ ಅಂಗಡಿಯಿಂದ ಎಷ್ಟು ಹೊರಗೆ ಹೋಗುತ್ತಿತ್ತು ಅಂತ ಲೆಕ್ಕ ಹಾಕಿ!

ಕೂರುವ ಮೇಜಿನ ಕೆಳಗೆ, ತೊಡೆಯ ಮಟ್ಟಕ್ಕೆ, ಒಂದು ಚರ್ಮದ ಅಥವಾ ದಪ್ಪ ಕ್ಯಾನ್ವಾಸ್ ಬಟ್ಟೆ ಜೋಲಿಯಂತೆ ಕಟ್ಟಿ. ಅರದಿಂದ ಉದುರುವ ಪುಡಿ, ಕತ್ತರಿಸಿದ ಚೂರು ಅದರಲ್ಲೇ ಬೀಳುತ್ತದೆ. ನೆಲಕ್ಕೆ ಚಾಪೆ ಬೇಡ, ನೆಯ್ಗೆಯ ಸಂದಿಯಲ್ಲಿ ಪುಡಿ ಕೂರುತ್ತದೆ. ನಮ್ಮಲ್ಲಿ ಶಹಾಬಾದ್ ಕಲ್ಲಿನ ನೆಲ ಜಾಸ್ತಿ, ನುಣುಪಾಗಿದ್ದರೆ ಒಳ್ಳೆಯದೇ, ಆದರೆ ಸಂದುಗಳಿಗೆ ಸಿಮೆಂಟ್ ತುಂಬಿಸಿ. ಫ್ಯಾನ್ ಅನ್ನು ಮೇಜಿನ ಮೇಲೆ ನೇರ ಹಾಕಬೇಡಿ. ಬೇಸಿಗೆಯಲ್ಲಿ ಇದು ಕಷ್ಟದ ಮಾತು, ಗೊತ್ತು. ಬೆಳಿಗ್ಗೆ ಆರರಿಂದ ಹತ್ತರವರೆಗೆ ಅರದ ಕೆಲಸ ಮುಗಿಸಿಕೊಂಡು, ಮಧ್ಯಾಹ್ನ ಫ್ಯಾನ್ ಕೆಳಗೆ ದಾರ ಪೋಣಿಸುವ ಕೆಲಸ ಇಟ್ಟುಕೊಳ್ಳಿ.

ಬೆಳ್ಳಿಗೆ ಒಂದು ಅರ, ತಾಮ್ರ-ಹಿತ್ತಾಳೆಗೆ ಇನ್ನೊಂದು. ಪುಡಿ ಬೆರೆತರೆ ಬೆಲೆ ಬಿದ್ದುಹೋಗುತ್ತದೆ. ಮೂರು ಡಬ್ಬಿ ಇಡಿ: ಒಂದರಲ್ಲಿ ಬೆಸುಗೆ ತಾಗದ ಶುದ್ಧ ಚೂರು, ಇನ್ನೊಂದರಲ್ಲಿ ಬೆಸುಗೆ ಇರುವ ಚೂರು, ಮತ್ತೊಂದರಲ್ಲಿ ಗುಡಿಸಿದ ಧೂಳು. ಪುಡಿಯ ಮೇಲೆ ಅಯಸ್ಕಾಂತ ಆಡಿಸಿದರೆ ಅರದಿಂದ, ಗರಗಸದ ಅಲಗಿನಿಂದ ಉದುರಿದ ಕಬ್ಬಿಣ ಅಂಟಿಕೊಂಡು ಬರುತ್ತದೆ. ಶುದ್ಧ ಚೂರನ್ನು ಮೂಸೆಯಲ್ಲಿ ಬಿಳಿಗಾರ (ಬೋರಾಕ್ಸ್) ಹಾಕಿ ನೀವೇ ಕರಗಿಸಬಹುದು. ಉಳಿದದ್ದನ್ನು ಕೂಡಿಟ್ಟು ಶುದ್ಧ ಮಾಡುವವರಿಗೆ ಕೊಡಿ. ಪಾದರಸ ಹಾಕಿ ತೆಗೆದುಕೊಡುತ್ತೇನೆ ಎನ್ನುವವರು ಸಿಕ್ಕರೆ ಕೊಡಬೇಡಿ, ಆ ಪಾದರಸ ಸುಟ್ಟ ಗಾಳಿಯಲ್ಲಿ ನಮ್ಮ ಮಕ್ಕಳೇ ಇರುವುದು.

ಹಂತ 5: ತೊಳೆಯುವ ನೀರು

ಈ ಹಂತವನ್ನು ಸುಮ್ನೆ ಓದಿ ದಾಟಬೇಡಿ.

ಬೆಸುಗೆ ಹಾಕಿದ ಮೇಲೆ ಬೆಳ್ಳಿ ಕಪ್ಪಾಗುತ್ತದೆ. ಅದನ್ನು ತೆಗೆಯಲು ಗಂಧಕಾಮ್ಲ ಬಳಸುವ ರೂಢಿ ಇದೆ. ಮನೆಯಲ್ಲಿ ಅದು ಬೇಡ. ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲದ ಹರಳು, ಲೀಟರ್ ನೀರಿಗೆ 100 ಗ್ರಾಂ ಹಾಕಿ ಬೆಚ್ಚಗೆ ಮಾಡಿದರೆ ಅದೇ ಕೆಲಸ ಆಗುತ್ತದೆ, ಸ್ವಲ್ಪ ನಿಧಾನಕ್ಕೆ. ಕುದಿಸಬೇಡಿ. ಅಡುಗೆಗೆ ಬಳಸುವ ಪಾತ್ರೆಯಂತೂ ಬೇಡವೇ ಬೇಡ. ಕಬ್ಬಿಣದ ಚಿಮಟ ಅದ್ದಿದರೆ ನೀರಿನಲ್ಲಿ ಕರಗಿದ ತಾಮ್ರ ಬೆಳ್ಳಿಯ ಮೇಲೆ ಕೂತು ಒಡವೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಿದಿರಿನ ಅಥವಾ ತಾಮ್ರದ ಚಿಮಟ ಇಟ್ಟುಕೊಳ್ಳಿ. ಒಂದೇ ದ್ರಾವಣ ಬಹಳ ಸಲ ಬರುತ್ತದೆ, ಆರಿದಷ್ಟು ನೀರು ಸೇರಿಸುತ್ತಾ ಹೋಗಿ.

ನೀರು ನೀಲಿಯಾಗಿ, ಕೆಲಸ ತೀರ ನಿಧಾನವಾದಾಗ ಅದರ ಆಯುಸ್ಸು ಮುಗಿಯಿತು. ಆ ನೀಲಿಯೇ ತಾಮ್ರ. ಮೀನು, ಕಪ್ಪೆ, ನೀರಿನ ಹುಳುಗಳಿಗೆ ಸ್ವಲ್ಪ ತಾಮ್ರವೂ ವಿಷ. ಚರಂಡಿಗೆ ಚೆಲ್ಲಿದರೆ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ. ಹಾಗಾಗಿ ಹೀಗೆ ಮಾಡಿ: ಅಂಗಳದಲ್ಲಿ ಪ್ಲಾಸ್ಟಿಕ್ ಬಕೆಟ್‌ಗೆ ಸುರಿದು ಅಡುಗೆ ಸೋಡಾ ಚಮಚ ಚಮಚವಾಗಿ ಹಾಕಿ. ನೊರೆ ಏಳುತ್ತದೆ, ಒಮ್ಮೆಲೆ ಸುರಿದರೆ ಉಕ್ಕಿ ಹೊರಬರುತ್ತದೆ. ನೊರೆ ನಿಂತ ಮೇಲೆ ರಾತ್ರಿಯಿಡೀ ಬಿಡಿ. ಹಸಿರು-ನೀಲಿ ಕೆಸರು ತಳಕ್ಕೆ ಕೂರುತ್ತದೆ. ಹಳೆ ಪಂಚೆಯಲ್ಲಿ ಸೋಸಿ. ಸೋಸಿದ ನೀರಿನಲ್ಲೂ ಸ್ವಲ್ಪ ತಾಮ್ರ ಉಳಿದಿರುತ್ತದೆ, ಗಿಡಕ್ಕೂ ಹಾಕಬೇಡಿ. ಅಗಲವಾದ ತಟ್ಟೆಯಲ್ಲಿ ಬಿಸಿಲಿಗಿಡಿ. ಕಲಬುರಗಿ ಬಿಸಿಲಿನಿಂದ ಒಂದಾದರೂ ಉಪಕಾರ ಆಗಲಿ ಅಲ್ವಾ! ಮೇಲೆ ಜಾಲರಿ ಮುಚ್ಚಿ, ಹಕ್ಕಿ, ಆಡು-ಕುರಿ ಕುಡಿಯಬಾರದು. ಒಣಗಿದ ಪುಡಿ ಮತ್ತು ಕೆಸರನ್ನು ಮುಚ್ಚಳದ ಡಬ್ಬಿಗೆ ತುಂಬಿ, ಮೇಲೆ ‘ತಾಮ್ರದ ಕೆಸರು, ವಿಷ’ ಎಂದು ದಪ್ಪ ಅಕ್ಷರದಲ್ಲಿ ಬರೆದು ಎತ್ತರದಲ್ಲಿಡಿ. ಸಣ್ಣ ಕೆಲಸಕ್ಕೆ ವರ್ಷಕ್ಕೆ ಒಂದು ಡಬ್ಬಿ ತುಂಬುವುದೂ ಕಷ್ಟ. ತುಂಬಿದಾಗ ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳಲು ಪರವಾನಗಿ ಇರುವವರಿಗೇ ಕೊಡಿ. ಅವರ ವಿಚಾರಣೆಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿ ಇದೆ.

ಮೈಲುತುತ್ತದ ನೀರಿಗೂ ಇದೇ ಉಪಚಾರ.

ಕೊನೆಯ ಹೊಳಪಿಗೆ ಪತ್ತಾರರ ಹಳೆ ಪದ್ಧತಿಯೇ ಒಳ್ಳೆಯದು: ಅಂಟವಾಳಕಾಯಿ ನೆನೆಸಿ ಕಿವುಚಿದ ನೀರು, ಹಿತ್ತಾಳೆ ತಂತಿಯ ಬ್ರಷ್. ಆ ನೀರನ್ನೂ ಬಕೆಟ್‌ನಲ್ಲಿ ಕೂಡಿಟ್ಟು ತಿಳಿಯಾಗಲು ಬಿಡಿ. ತಳದಲ್ಲಿ ಸಿಗುವ ಬೂದು ಬಣ್ಣದ ಕೆಸರಿನಲ್ಲಿ ಬೆಳ್ಳಿ ಇರುತ್ತದೆ, ಧೂಳಿನ ಡಬ್ಬಿಗೆ ಹಾಕಿ.

ಹಂತ 6: ಬೆಲೆ ಕಟ್ಟುವುದು

ಒಂದು ಖಣದ ಬಟ್ಟೆಯ ಸರ ಇಟ್ಟುಕೊಳ್ಳೋಣ. ಅಂಕಿಗಳು ಬರೀ ಉದಾಹರಣೆಗೆ. ಬಟ್ಟೆ ಚೂರು, ದಾರ, ಕೊಂಡಿಗೆ 60 ರೂಪಾಯಿ. ಮೂರು ಗಂಟೆ ಕೆಲಸ, ಗಂಟೆಗೆ 80ರಂತೆ 240. ಚೀಲ, ಚೀಟಿ 15. ಕರೆಂಟು, ಓಡಾಟ, ಹಾಳಾದ ಮಾಲಿನ ಪಾಲು 30. ಮುಂದೆ ರಿಪೇರಿಗೆ ಬಂದರೆ ಎಂದು 15. ಒಟ್ಟು 360. ಇದನ್ನು 400ಕ್ಕೆ ಮಾರಿದರೆ ಅಂಗಡಿಯವರಿಗೆ ಕಮಿಷನ್ ಕೊಡಲು ಏನೂ ಉಳಿಯುವುದಿಲ್ಲ. 550 ಆದರೂ ಇಡಬೇಕು. ಗೃಹಿಣಿಯರು ತಮ್ಮ ಆ 240ನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಮನೆಯಲ್ಲೇ ಕೂತು ಮಾಡಿದ್ದು ತಾನೇ ಎನ್ನುತ್ತಾರೆ. ಹಿಡಿಯಿರಿ.

ಬೆಳ್ಳಿಗೆ ಆ ದಿನದ ದರ, ಮಜೂರಿ ಬೇರೆ ಬೇರೆ ಬರೆಯಿರಿ. ದರ ಕುಣಿಯುವ ಕಾಲ ಇದು, ಹಳೆ ದರಕ್ಕೆ ಒಪ್ಪಿಕೊಂಡ ಆರ್ಡರ್ ಮೈಮೇಲೆ ಬರುತ್ತದೆ. ಅರ್ಧ ಮುಂಗಡ ತೆಗೆದುಕೊಂಡ ದಿನವೇ ಬೆಳ್ಳಿ ಕೊಂಡುಬಿಡಿ. ಆರ್ಡರ್ ಮೇಲೆ ಮಾಡಿದರೆ ಮಾರಾಟವಾಗದ ಮಾಲೂ ಉಳಿಯುವುದಿಲ್ಲ.

ಹಂತ 7: ಡಬ್ಬಿ, ಈಗ

ಬಟ್ಟೆ ಚೂರಿನ ಚೀಲ ಹೊಲಿಯಿರಿ, ಮುಗಿಯಿತು. ಬೆಳ್ಳಿಗೆ ಮಾತ್ರ ಸ್ವಲ್ಪ ಯೋಚನೆ ಬೇಕು. ಬೆಳ್ಳಿ ಕಪ್ಪಾಗುವುದು ಗಂಧಕದಿಂದ. ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ ತಾಗಬಾರದು. ಗಾಳಿಯಾಡದ ಸಣ್ಣ ಜಿಪ್ ಚೀಲ ಅದಕ್ಕೆ ಒಳ್ಳೆಯದು. ಪ್ಲಾಸ್ಟಿಕ್ ಅಲ್ವಾ ಎಂದು ಕೇಳಬಹುದು. ಹೌದು. ಆದರೆ ಹತ್ತು ವರ್ಷ ಬಳಸುವ ಒಂದು ಚೀಲ, ತಿಂಗಳಿಗೊಮ್ಮೆ ರಾಸಾಯನಿಕ ಹಾಕಿ ತೊಳೆಯುವುದಕ್ಕಿಂತ ವಾಸಿ. ಕೈಚೀಲ ಮಾತ್ರ ಪ್ಲಾಸ್ಟಿಕ್ ಬೇಡ, ಕರ್ನಾಟಕದಲ್ಲಿ 2016ರಿಂದಲೇ ನಿಷೇಧ ಇದೆ.

ಹಂತ 8: ಕಾಗದಪತ್ರ

ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಉಚಿತ, ಆಧಾರ್ ಮತ್ತು ಪ್ಯಾನ್ ಸಾಕು. ಇದಕ್ಕೆ ರೊಕ್ಕ ಕೇಳುವ ಜಾಲತಾಣ ಸಿಕ್ಕರೆ ಅದು ಸರ್ಕಾರದ್ದಲ್ಲ. ಅಕ್ಕಸಾಲಿಗರು, ಕುಂಬಾರರು ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಸೇರಿದ್ದಾರೆ. ತರಬೇತಿ ಸಮಯದಲ್ಲಿ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು, 5 ಶೇಕಡಾ ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಾಲ. ಬಿದರಿಯಂಥ ಕರಕುಶಲದವರು ಕೇಂದ್ರದ ಕರಕುಶಲ ಇಲಾಖೆಯ ಕುಶಲಕರ್ಮಿ ಗುರುತಿನ ಚೀಟಿ ಮಾಡಿಸಿಕೊಳ್ಳಲಿ, ಮೇಳಗಳಲ್ಲಿ ಮಳಿಗೆ ಕೇಳಲು ಉಪಯೋಗ.

ಸರಕು ಮಾರುವವರಿಗೆ ರಾಜ್ಯದೊಳಗೆ ವರ್ಷಕ್ಕೆ 40 ಲಕ್ಷ ವಹಿವಾಟಿನವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಹೊರರಾಜ್ಯಕ್ಕೆ ಅಥವಾ ಆನ್‌ಲೈನ್ ಕಂಪನಿಗಳ ಮೂಲಕ ಮಾರುವ ನಿಯಮ ಬೇರೆ, ಲೆಕ್ಕಪರಿಶೋಧಕರನ್ನು ಕೇಳಿ. ಯುಪಿಐ ಜಮೆಗಳ ಲೆಕ್ಕ ಬರೆದಿಡಿ. ಆ ಜಮೆ ನೋಡಿಯೇ 2025ರಲ್ಲಿ ಸಣ್ಣ ಅಂಗಡಿಗಳಿಗೆ ಬಂದ ತೆರಿಗೆ ನೋಟಿಸ್ ನೆನಪಿದೆಯಲ್ಲ. ಬೆಳ್ಳಿಗೂ ಅದೇ ವರ್ಷದ ಸೆಪ್ಟೆಂಬರ್‌ನಿಂದ ಆರು ಅಕ್ಷರ-ಅಂಕಿಗಳ ಹಾಲ್‌ಮಾರ್ಕ್ ಗುರುತು ಬಂದಿದೆ. ಗಿರಾಕಿಗಳು ಕೇಳಲು ಶುರು ಮಾಡಿದ್ದಾರೆ.

ಹಂತ 9: ಮಾರುವಾಗ ಆಡುವ ಮಾತು

ನಮ್ಮ ಕಡೆ ಮಾರಾಟದ ದಿನಗಳು ಇವು: ಕಲಬುರಗಿಯಲ್ಲಿ ಹೋಳಿಯ ನಂತರದ ಶರಣಬಸವೇಶ್ವರ ಜಾತ್ರೆ, ಬಂದೇ ನವಾಜ್ ಉರುಸು, ಸಂಕ್ರಾಂತಿಗೆ ಯಾದಗಿರಿ ಕಡೆಯ ಮೈಲಾಪುರ ಜಾತ್ರೆ, ಆಮೇಲೆ ಮದುವೆ ದಿನಗಳು. ಜಾತ್ರೆಗೆ 100-300 ರೂಪಾಯಿಯ ಮಣ್ಣಿನ, ಬಟ್ಟೆಯ ಒಡವೆ ಒಯ್ಯಿರಿ. ಬೆಳ್ಳಿ, ಬಿದರಿಗೆ ವಾಟ್ಸಾಪ್ ಮತ್ತು ಪರಿಚಯದ ಬಾಯಿಮಾತೇ ಸರಿ.

ಪರಿಸರಸ್ನೇಹಿ, ಹಸಿರು, ನೈಸರ್ಗಿಕ ಎಂಬ ಬರೀ ಪದಗಳನ್ನು ಬಿಟ್ಟುಬಿಡಿ. 2024ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ತಂದಿದೆ, ಇಂಥ ಮಾತಿಗೆ ಆಧಾರ ತೋರಿಸಬೇಕು. ಅದರ ಬದಲು ‘ಹಳೆ ಬೆಳ್ಳಿ ಕರಗಿಸಿ ಮಾಡಿದ್ದು, ಕೊಂಡಿ 925, ದಾರ ಹತ್ತಿಯದು, ಪದಕ ಬೀದರ್‌ನಲ್ಲಿ ಎರಕ ಹೊಯ್ದದ್ದು’ ಎಂದು ಬರೆಯಿರಿ. ಹೊರಗಿನ ಎರಕದ ಮಾಲಿಗೆ ಕಪ್ಪು ಬಳಿದು ಬಿದರಿ ಎಂದು ಮಾರಬೇಡಿ.

ರಿಪೇರಿ ಬೋರ್ಡ್ ಹಾಕಿ. ಸರ ಮತ್ತೆ ಪೋಣಿಸುವುದು, ಕೊಂಡಿ ಬದಲಿಸುವುದು, ಒಂದೇ ಉಳಿದ ಝುಮಕಿಯನ್ನು ಪದಕ ಮಾಡುವುದು. ನಿಮ್ಮಲ್ಲಿ ಕೊಂಡದ್ದಕ್ಕೆ ಮೊದಲ ವರ್ಷ ಪುಕ್ಕಟೆ, ಬೇರೆ ಕಡೆಯದಕ್ಕೆ 50 ರೂಪಾಯಿಯಿಂದ. ಹಳೆ ಬೆಳ್ಳಿ ತಂದವರಿಗೆ ತೂಕ ಎದುರೇ ಮಾಡಿ, ಆ ದಿನದ ದರದಲ್ಲಿ ಹೊಸ ಒಡವೆಗೆ ವಜಾ ಕೊಡಿ. ಹಂತ 2ರ ಬೆಳ್ಳಿ ಹೀಗೆ ಬಾಗಿಲಿಗೇ ಬರಲು ಶುರುವಾಗುತ್ತದೆ.

ಹಂತ 10: ತಿಂಗಳಿಗೊಂದು ಪುಟ

ಒಂದು ನೋಟ್‌ಬುಕ್. ಎಡಕ್ಕೆ ಒಳಗೆ ಬಂದದ್ದು, ಬಲಕ್ಕೆ ಹೊರಗೆ ಹೋದದ್ದು. 100 ಗ್ರಾಂ ಬೆಳ್ಳಿ ಬಂತು, ಒಡವೆ 82 ಗ್ರಾಂ ಆಯಿತು, ಡಬ್ಬಿಗಳಲ್ಲಿ 15 ಗ್ರಾಂ ಸಿಕ್ಕಿತು ಎಂದುಕೊಳ್ಳಿ. ಉಳಿದ 3 ಗ್ರಾಂ ಎಲ್ಲಿ? ಜೋಲಿ ಬಟ್ಟೆ ಝಾಡಿಸಿ, ಬ್ರಷ್ ತೊಳೆಯಿರಿ, ತೊಳೆದ ನೀರಿನ ತಳ ನೋಡಿ, ಉಟ್ಟ ಸೀರೆಯ ಮಡಿಕೆ ನೋಡಿ. ಅದೇ ಪುಟದಲ್ಲಿ ಎಷ್ಟು ಸಿಲಿಂಡರ್ ಗ್ಯಾಸ್ ಹೋಯಿತು, ಎಷ್ಟು ತುಂಡು ರಿಪೇರಿಗೆ ಬಂದವು, ಯಾವ ನಮೂನೆ ಮತ್ತೆ ಮತ್ತೆ ಮುರಿಯುತ್ತಿದೆ ಎಂದೂ ಬರೆಯಿರಿ. ಮೂರು ಸಲ ಮುರಿದು ಬಂದ ನಮೂನೆಯನ್ನು ಎಷ್ಟೇ ಮಾರಾಟ ಆಗುತ್ತಿದ್ದರೂ ನಿಲ್ಲಿಸಿ, ಕೊಂಡಿಯ ಜಾಗ ದಪ್ಪ ಮಾಡಿಸಿದ ಮೇಲೆ ಮತ್ತೆ ಶುರು ಮಾಡಿ.